ಕೊಕ್ಕೆಯಿಲ್ಲದ ಎರೆ: ಝೇನ್ ಗ್ರೇ ಎಂಬ ಹಲ್ಲಿನ ಡಾಕ್ಟರ ಕಥೆ

ಟ್ರೋಲಿಂಗ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಮೀಮ್ ಪೇಜುಗಳು. ಆದರೆ ಈ ಪದ ಅದಕ್ಕಿಂತ ಮುಂಚಿಂದಲೂ ಮೀನುಗಾರರದ್ದು. ಓಡುತ್ತಿರುವ ದೋಣಿಯ ಹಿಂದೆ ದಾರ ಬಿಟ್ಟು, ತುದಿಗೆ ಎರೆ ಕಟ್ಟಿ, ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಅಂತಾರೆ. ನಮ್ಮ ಮಲ್ಪೆ, ಮಂಗಳೂರಿನ ಬೋಟುಗಳು ಬಲೆ ಎಳೆಯುತ್ತವಲ್ಲ, ಅದು ಟ್ರಾಲಿಂಗ್. ಹೆಸರು ಹತ್ತಿರ, ಕೆಲಸ ಬೇರೆ. ಬಲೆಯಲ್ಲಿ ಸಾವಿರಾರು ಮೀನು ಒಟ್ಟಿಗೆ ಬರುತ್ತೆ. ಟ್ರೋಲಿಂಗ್‌ನಲ್ಲಿ, ಅದರಲ್ಲೂ ಮಾರ್ಲಿನ್ ಹಿಂದೆ ಬಿದ್ದವರಿಗೆ, ಬೆಳಗಿನಿಂದ ಸಂಜೆವರೆಗೆ ಕಾದು ಒಂದೇ ಒಂದು ಮೀನು ಸಿಕ್ಕರೂ ಅವತ್ತು ಹಬ್ಬ.

ಮಾರ್ಲಿನ್ ಅಂದರೆ ಮೂತಿ ಈಟಿಯ ಹಾಗೆ ಉದ್ದವಾಗಿರುವ ಸಮುದ್ರದ ದೊಡ್ಡ ಮೀನು. ಅದನ್ನ ಗಾಳದಲ್ಲಿ ಹಿಡಿಯೋಕೆ ಅರ್ಧ ಜೀವನ ಕಳೆದ ಒಬ್ಬನ ಬಗ್ಗೆ ಈ ಸಲ ಬರೀತಿದ್ದೀವಿ. ಹೆಸರು ಝೇನ್ ಗ್ರೇ. ಅಮೆರಿಕದ ಕೌಬಾಯ್ ಕಾದಂಬರಿಗಳನ್ನ ಮನೆಮನೆಗೆ ತಲುಪಿಸಿದ ಲೇಖಕ. ನಮ್ಮ ಪೀಳಿಗೆಯಲ್ಲಿ ಅವನನ್ನ ಓದಿದವರು ಕಮ್ಮಿ, ಆದ್ರೆ ಅವನ ಕಾಲದಲ್ಲಿ ಬರೆದೇ ಕೋಟ್ಯಧೀಶರಾದ ಮೊದಲ ಕೆಲವರಲ್ಲಿ ಅವನೊಬ್ಬ. ಓದಿದ್ದು ಮಾತ್ರ ಡೆಂಟಲ್. ಅದೂ ಅಪ್ಪನ ದಾರಿ. ಇಷ್ಟು ಹೇಳಿದ ಮೇಲೆ ಅವನು ನಮಗೆ ಯಾಕೆ ಹತ್ತಿರದವನು ಅನ್ನಿಸಿದ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾಸ್ಟೆಲ್ ಸೀನಿಯರ್ ಬಗ್ಗೆ ಹಿಂದಿನಿಂದ ಮಾತಾಡೋ ಹಾಗೆ ಏಕವಚನದಲ್ಲೇ ಬರೀತಿದ್ದೀವಿ, ಹಿರಿಯರು ಕ್ಷಮಿಸಬೇಕು.

1872ರ ಜನವರಿ 31ರಂದು ಓಹಾಯೊ ರಾಜ್ಯದ ಝೇನ್ಸ್‌ವಿಲ್ ಎಂಬ ಊರಲ್ಲಿ ಅವನು ಹುಟ್ಟಿದ. ಆ ಊರನ್ನ ಕಟ್ಟಿದ್ದು ಅವನ ತಾಯಿ ಕಡೆಯ ಹಿರಿಯರೇ. ಅಪ್ಪ ಅಮ್ಮ ಇಟ್ಟ ಹೆಸರು ಪರ್ಲ್ ಝೇನ್ ಗ್ರೇ. ಪರ್ಲ್ ಅನ್ನೋದು ಹುಡುಗಿಯರಿಗೆ ಇಡುವ ಹೆಸರು ಅಂತ ಆಮೇಲೆ ಅವನೇ ಅದನ್ನ ಬಿಟ್ಟುಬಿಟ್ಟ. ಅಪ್ಪ ಲೂಯಿಸ್ ಗ್ರೇ ಹಲ್ಲಿನ ಡಾಕ್ಟರು, ಬಹಳ ಕಟ್ಟುನಿಟ್ಟಿನ ಮನುಷ್ಯ. ಮಗ ಹೋಗಿ ಸೇರಿಕೊಂಡದ್ದು ಮಡ್ಡಿ ಮೈಸರ್ ಎಂಬ ಮುದುಕನ ಜೊತೆ. ಆ ಮುದುಕನಿಗೆ ಮೀನು ಹಿಡಿಯೋದು ಬಿಟ್ಟರೆ ಊರವರು ಒಪ್ಪುವಂಥ ಕೆಲಸ ಏನೂ ಇರ್ಲಿಲ್ಲ. ಅವನ ಹತ್ತಿರ ಹೋಗಬೇಡ ಅಂತ ಅಪ್ಪ ಎಷ್ಟು ಸಲ ಎಚ್ಚರಿಸಿದರೂ ಹುಡುಗ ಸುಮಾರು ಐದು ವರ್ಷ ಅವನ ಜೊತೆ ನದಿ ದಂಡೆಯಲ್ಲೇ ಕಾಲ ಕಳೆದ. ಹುಡುಗನ ಎರಡು ಹುಚ್ಚುಗಳನ್ನ, ಅಂದರೆ ಮೀನು ಮತ್ತು ಬರವಣಿಗೆಯನ್ನ, ತಪ್ಪು ಅಂತ ಹೇಳದ ದೊಡ್ಡವನು ಅವನೊಬ್ಬನೇ.

ಹದಿನೈದನೇ ವಯಸ್ಸಿಗೆ ಹುಡುಗ ತನ್ನ ಮೊದಲ ಕಥೆ ಬರೆದ. ಅದು ಅಪ್ಪನ ಕೈಗೆ ಸಿಕ್ತು. ಅಪ್ಪ ಅದನ್ನ ಚೂರು ಚೂರು ಮಾಡಿ ಹರಿದು ಹಾಕಿ, ಮಗನಿಗೂ ಚೆನ್ನಾಗಿ ಬಾರಿಸಿದ. ನಮ್ಮಲ್ಲಿ ಯಾರ ಮನೆಯಲ್ಲೂ ಈಗ ಹಾಗೆಲ್ಲ ಹರಿಯಲ್ಲ ಬಿಡಿ. ಸೀಟು ಸಿಗಲಿ, ಆಮೇಲೆ ಏನಾದ್ರೂ ಮಾಡ್ಕೋ ಅಂತಾರೆ. ಪುಸ್ತಕ ಹಾಗೇ ಉಳಿಯುತ್ತೆ, ಅಟ್ಟದ ಮೇಲೆ.

1889ರಲ್ಲಿ ಅಪ್ಪನಿಗೆ ಹಣದ ಪೆಟ್ಟು ಬಿದ್ದು ಸಂಸಾರ ಕೊಲಂಬಸ್ ನಗರಕ್ಕೆ ಬಂತು. ಮಗ ಅಪ್ಪನ ಕ್ಲಿನಿಕ್‌ನಲ್ಲಿ ಕೈಜೋಡಿಸಿದ. ಲೈಸೆನ್ಸ್ ಇಲ್ಲದೆ ಹಳ್ಳಿ ಕಡೆ ಹೋಗಿ ಹಲ್ಲು ಕೀಳ್ತಿದ್ದ, ಕೊನೆಗೆ ಸರ್ಕಾರದವರು ನಿಲ್ಲಿಸಿದರು. ಬೇಸ್‌ಬಾಲ್‌ನಲ್ಲಿ ಮಾತ್ರ ಅವನ ಎಸೆತ ಊರಿಗೇ ಹೆಸರುವಾಸಿ. ಆ ಆಟದ ಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸ್ಕಾಲರ್‌ಶಿಪ್ ಸಿಕ್ತು. ಓದೋಕೆ ಸಿಕ್ಕಿದ್ದು ದಂತವೈದ್ಯ. 1893ರಲ್ಲಿ ಆಟದ ನಿಯಮ ಬದಲಾಗಿ ಎಸೆಯುವವನು ಮೊದಲಿಗಿಂತ ಹಿಂದೆ ನಿಲ್ಲಬೇಕಾಯ್ತು. ಆ ದೂರದಲ್ಲಿ ಅವನ ತಿರುಗುವ ಎಸೆತದ ಮೊನಚು ಹೋಯ್ತು. ಎಸೆಯೋದು ಬಿಟ್ಟು ಮೈದಾನದ ಹೊರಭಾಗದಲ್ಲಿ ನಿಂತು ಚೆಂಡು ಹಿಡಿಯುವವನಾದ. ಸಿಲಬಸ್ ಬದಲಾದಾಗ ನಮಗೆ ಆಗೋದೂ ಇದೇ ತಾನೆ.

1896ರಲ್ಲಿ ಡಿಗ್ರಿ ಮುಗಿಸಿ ನ್ಯೂಯಾರ್ಕ್‌ನಲ್ಲಿ ಡಾಕ್ಟರ್ ಝೇನ್ ಗ್ರೇ ಅಂತ ಬೋರ್ಡು ಹಾಕಿದ. ಹಗಲು ಹಲ್ಲು, ರಾತ್ರಿ ಬರವಣಿಗೆ. ಇಲ್ಲಿ ಒಂದು ವಿಷಯ ಗಮನಿಸಿ. ಡಿಗ್ರಿ ಸಿಕ್ಕ ಮಾರನೇ ದಿನ ಎಲ್ಲ ಬಿಟ್ಟು ಕನಸಿನ ಹಿಂದೆ ಓಡಿದವನಲ್ಲ ಅವನು. ಸುಮಾರು ಒಂಬತ್ತು ವರ್ಷ ಆ ಕುರ್ಚಿಯ ಪಕ್ಕದಲ್ಲೇ ನಿಂತು ದುಡಿದ. ಮೊದಲ ಲೇಖನ ಅಚ್ಚಾಗಿದ್ದು 1902ರಲ್ಲಿ, ಡೆಲವೇರ್ ನದಿಯಲ್ಲಿ ಮೀನು ಹಿಡಿದ ಒಂದು ದಿನದ ಬಗ್ಗೆ. ಮುದುಕ ಮೈಸರ್‌ನ ಎರಡೂ ಪಾಠ ಒಂದೇ ಲೇಖನದಲ್ಲಿ ಸೇರಿತ್ತು. 1903ರಲ್ಲಿ ಬೆಟ್ಟಿ ಝೇನ್ ಎಂಬ ಮೊದಲ ಕಾದಂಬರಿಯನ್ನ ಯಾರೂ ಪ್ರಕಟಿಸಲು ಒಪ್ಪದೆ ತಾನೇ ಅಚ್ಚು ಹಾಕಿಸಿದ.

ಅಷ್ಟರಲ್ಲಿ ಅವನ ಬದುಕಿಗೆ ಡಾಲಿ ಬಂದಿದ್ದಳು. ನಿಜ ಹೆಸರು ಲೀನಾ ರಾತ್. 1900ರಲ್ಲಿ ಲ್ಯಾಕವಾಕ್ಸೆನ್ ಎಂಬಲ್ಲಿ ದೋಣಿ ವಿಹಾರದ ಸಮಯದಲ್ಲಿ ಪರಿಚಯ, 1905ರಲ್ಲಿ ಮದುವೆ. ಗ್ರೇ ದಂತವೈದ್ಯ ಬಿಟ್ಟಿದ್ದು ಆಮೇಲೆ. ಬಿಡೋಕೆ ಧೈರ್ಯ ಕೊಟ್ಟಿದ್ದು ಅವನ ಪ್ರತಿಭೆ ಒಂದೇ ಅಲ್ಲ, ಡಾಲಿಗೆ ತವರಿಂದ ಬಂದ ಹಣ ಕೂಡ. ಅವಳು ಟೀಚರ್ ಆಗೋ ಯೋಚನೆ ಬಿಟ್ಟು ಅವನ ಹಸ್ತಪ್ರತಿ ತಿದ್ದೋಕೆ ಕೂತಳು. ಅವನ ಸ್ಪೆಲ್ಲಿಂಗ್, ಗ್ರಾಮರ್ ಎರಡೂ ಅಷ್ಟಕ್ಕಷ್ಟೇ ಇತ್ತು. ತಿದ್ದಿ, ನಕಲು ಮಾಡಿ, ಪ್ರಕಾಶಕರ ಜೊತೆ ವ್ಯವಹಾರ ಮಾತಾಡಿ, ಮೂರು ಮಕ್ಕಳನ್ನ ಬೆಳೆಸಿದವಳು ಅವಳು. ಬಂದ ಆದಾಯವನ್ನ ಇಬ್ಬರೂ ಅರ್ಧ ಅರ್ಧ ಹಂಚಿಕೊಳ್ತಿದ್ದರು, ಮನೆ ಖರ್ಚು ಮಾತ್ರ ಡಾಲಿಯ ಅರ್ಧದಲ್ಲೇ ನಡೀತಿತ್ತು.

ಹಾರ್ಪರ್ ಪ್ರಕಾಶನದವರು ಮೊದಮೊದಲು ಅವನ ಹಸ್ತಪ್ರತಿಗಳನ್ನ ವಾಪಸ್ ಕಳಿಸಿದರು. ಅಲ್ಲಿನ ಸಂಪಾದಕನಿಗೆ ಇವನು ಎಂದಾದರೂ ಬರೆಯಬಲ್ಲ ಅಂತ ನಂಬಿಕೆಯೇ ಇರ್ಲಿಲ್ಲ. 1910ರಲ್ಲಿ ಅದೇ ಪ್ರಕಾಶನ ದಿ ಹೆರಿಟೇಜ್ ಆಫ್ ದಿ ಡೆಸರ್ಟ್ ಹೊರತಂದಿತು. ಎರಡು ವರ್ಷದ ಮೇಲೆ ಬಂದ ರೈಡರ್ಸ್ ಆಫ್ ದಿ ಪರ್ಪಲ್ ಸೇಜ್ ಲಕ್ಷಗಟ್ಟಲೆ ಖರ್ಚಾಯ್ತು. ಹಣ ಬಂತು. ಹಣ ಬಂದ ತಕ್ಷಣ ಗ್ರೇ ಸಮುದ್ರಕ್ಕೆ ಹೊರಟ.

ಇಲ್ಲಿಂದ ಕಥೆ ನಮ್ಮ ಲ್ಯಾಬ್‌ಗೆ ಹತ್ತಿರ ಬರುತ್ತೆ.

ಕ್ಯಾಲಿಫೋರ್ನಿಯಾದ ಎದುರಿಗಿರುವ ಕ್ಯಾಟಲಿನಾ ದ್ವೀಪದಲ್ಲಿ 1898ರಲ್ಲಿ ಶುರುವಾದ ಟ್ಯೂನಾ ಕ್ಲಬ್ ಇತ್ತು. ದೊಡ್ಡ ಮೀನನ್ನ ತೆಳ್ಳಗಿನ ದಾರದಲ್ಲಿ, ನಿಯಮ ಪಾಲಿಸಿ ಹಿಡಿಯಬೇಕು ಅನ್ನೋದು ಅವರ ಹಠ. ಆಗಿನ್ನೂ ನೈಲಾನ್ ಇಲ್ಲ, ನಾರುಬಟ್ಟೆಯ ಲಿನನ್ ದಾರ. ಮಾರ್ಲಿನ್‌ಗೆ ಬಳಸುತ್ತಿದ್ದ ದಪ್ಪ ದಾರದಲ್ಲಿ 39 ಎಳೆ. ಒದ್ದೆಯಾದಾಗ ಒಂದೊಂದು ಎಳೆ ಸುಮಾರು 3 ಪೌಂಡ್ ಭಾರ ತಡೆಯುತ್ತೆ ಅನ್ನೋ ಲೆಕ್ಕ. ಅಂದರೆ ಒಟ್ಟು 117 ಪೌಂಡ್. ಪ್ರತಿ ಸಂಜೆ ಆ ದಾರವನ್ನ ಪೂರ್ತಿ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಒಣಗಿಸಬೇಕು. ಸೋಮಾರಿತನ ಮಾಡಿದರೆ ದಾರ ಕೊಳೆಯುತ್ತೆ, ಆದ್ರೆ ಅದು ಗೊತ್ತಾಗೋದು ಮೀನು ಸಿಕ್ಕಾಗ ಮಾತ್ರ.

ಇನ್ನು ರೀಲು. ಹಳೇ ರೀಲುಗಳಲ್ಲಿ ಮೀನು ಓಡಿದರೆ ಹಿಡಿಕೆಯೂ ಹಿಂದಕ್ಕೆ ಗರಗರ ತಿರುಗಿ ಬೆರಳ ಗಿಣ್ಣು ಮುರಿಯುತ್ತಿತ್ತು. ಕ್ಯಾಟಲಿನಾದಲ್ಲಿ ಗಾಳ ಹಾಕುತ್ತಿದ್ದ ವಿಲಿಯಂ ಬೋಶನ್ ಎಂಬಾತ ರೀಲಿನ ಒಳಗೇ ಬ್ರೇಕ್ ಇಡುವ ಉಪಾಯ ಹೂಡಿದ. ಹಿಡಿಕೆ ನಿಂತಿರುತ್ತೆ, ದಾರ ಮಾತ್ರ ಘರ್ಷಣೆಯ ವಿರುದ್ಧ ಹೊರಗೆ ಹೋಗುತ್ತೆ. ನಮ್ಮ ಕ್ಲಚ್ ಪ್ಲೇಟಿನ ತತ್ವವೇ. ಇದರಲ್ಲೊಂದು ಮೋಸ ಇದೆ. ಬ್ರೇಕಿನ ಟಾರ್ಕ್ ಹಾಗೇ ಇದ್ದರೂ, ದಾರ ಹೊರಗೆ ಹೋದಂತೆ ಸುರುಳಿಯ ತ್ರಿಜ್ಯ ಕಮ್ಮಿ ಆಗುತ್ತೆ. ಟಾರ್ಕನ್ನ ತ್ರಿಜ್ಯದಿಂದ ಭಾಗಿಸಿದರೆ ದಾರದ ಮೇಲಿನ ಎಳೆತ. ತ್ರಿಜ್ಯ ಅರ್ಧ ಆದರೆ ಎಳೆತ ಎರಡರಷ್ಟು. ಜೊತೆಗೆ ನೀರಲ್ಲಿರುವ ನೂರಾರು ಮೀಟರ್ ದಾರದ ಪ್ರತಿರೋಧ ಬೇರೆ. ಮೀನು ದೂರ ಹೋದಷ್ಟೂ ಬ್ರೇಕ್ ಸಡಿಲ ಮಾಡಬೇಕು. ಹೆದರಿ ಬಿಗಿ ಮಾಡಿದವನ ದಾರ ಹರಿಯುತ್ತೆ. ಎರಡನೇ ಸೆಮ್‌ನಲ್ಲಿ ಈ ಉದಾಹರಣೆ ಕೊಟ್ಟಿದ್ದರೆ ನಮಗೆ ಟಾರ್ಕ್ ಬೇಗ ಅರ್ಥ ಆಗ್ತಿತ್ತು.

ಇನ್ನು ಎರೆ ಕಟ್ಟುವ ಕೆಲಸ. ದಾರದ ತುದಿಗೆ ಸ್ವಿವೆಲ್, ಅಂದರೆ ತನ್ನಷ್ಟಕ್ಕೆ ತಿರುಗುವ ಪುಟ್ಟ ಕೊಂಡಿ. ಅದರಿಂದ ಮುಂದೆ ಲೀಡರ್ ಎಂಬ ಲೋಹದ ತಂತಿ, ಯಾಕಂದ್ರೆ ಮಾರ್ಲಿನ್‌ನ ಮೂತಿ ಮರಳು ಕಾಗದದ ಹಾಗೆ ಒರಟು, ಲಿನನ್ ದಾರವನ್ನ ಕ್ಷಣದಲ್ಲಿ ತೇಯ್ದು ಹಾಕುತ್ತೆ. ಕೊನೆಗೆ ಕೊಕ್ಕೆ, ಅದಕ್ಕೆ ಇಡೀ ಒಂದು ಮೀನು. ಆ ಮೀನಿನ ಬಾಯಿ ಹೊಲಿಯಬೇಕು, ಇಲ್ಲದಿದ್ದರೆ ನೀರು ಒಳಗೆ ನುಗ್ಗಿ ಎರೆ ಹರಿದುಹೋಗುತ್ತೆ. ಕೊಕ್ಕೆ ಸರಿಯಾಗಿ ಮಧ್ಯರೇಖೆಯಲ್ಲಿ ಕೂರಬೇಕು. ಸ್ವಲ್ಪ ಓರೆ ಆದ್ರೂ ಎರೆ ಬುಗುರಿ ಥರ ಸುತ್ತುತ್ತೆ, ದಾರ ಹುರಿಗಟ್ಟುತ್ತೆ, ಜೀವಂತ ಮೀನು ಹಾಗೆ ಸುತ್ತಲ್ಲ ಅಂತ ಮಾರ್ಲಿನ್‌ಗೂ ಗೊತ್ತಾಗುತ್ತೆ. ಹಲ್ಲಿನೊಳಗೆ ಸಣ್ಣ ಸಲಕರಣೆ ಹಿಡಿದು ಕೆಲಸ ಮಾಡಿದ ಕೈಗಳಿಗೆ ಇದು ಒಗ್ಗಿರಬೇಕು ಅಂತ ನಮ್ಮ ಊಹೆ. ಓದಿದ್ದು ಯಾವುದೂ ಪೂರ್ತಿ ವ್ಯರ್ಥ ಆಗಲ್ಲ ಅಂತ ಅಂದುಕೊಂಡರೆ ನಮಗೂ ಸ್ವಲ್ಪ ಸಮಾಧಾನ.

ಆದರೆ ಗ್ರೇ ಹೆಸರು ಇವತ್ತಿಗೂ ಗಾಳಗಾರರ ಬಾಯಲ್ಲಿ ಉಳಿದಿರೋದು ಇನ್ನೊಂದು ವಸ್ತುವಿಂದ. ಅದರ ಹೆಸರು ಟೀಸರ್. ಸಿನಿಮಾ ಟೀಸರ್ ಅಲ್ಲ, ಆದರೆ ಕೆಲಸ ಅದೇ. ಕೊಕ್ಕೆಯೇ ಇಲ್ಲದ ಎರೆ. ದೋಣಿಯ ಹಿಂದೆ, ಹತ್ತಿರದಲ್ಲಿ, ಬಣ್ಣ ಬಳಿದ ಮರದ ತುಂಡಿನಂಥದ್ದು ನೀರನ್ನ ಚಿಮ್ಮಿಸುತ್ತಾ, ಗುಳ್ಳೆ ಎಬ್ಬಿಸುತ್ತಾ ಓಡುತ್ತೆ. ಆಳದಲ್ಲಿರುವ ಮಾರ್ಲಿನ್ ಏನೋ ಓಡಿಹೋಗ್ತಿದೆ ಅಂತ ಮೇಲೆ ಬರುತ್ತೆ. ಅದು ಮೇಲೆ ಬಂದು ಟೀಸರ್‌ಗೆ ಮೂತಿ ಹಾಕುವಾಗ ದೋಣಿಯವನು ಟೀಸರನ್ನ ಎಳೆದುಕೊಂಡುಬಿಡ್ತಾನೆ, ಅದೇ ಕ್ಷಣಕ್ಕೆ ಗಾಳಗಾರ ಕೊಕ್ಕೆ ಇರುವ ನಿಜವಾದ ಎರೆಯನ್ನ ಅದರ ಮುಂದೆ ತರ್ತಾನೆ. ಕೈಗೆ ಬಂದದ್ದು ತಪ್ಪಿತಲ್ಲ ಅಂತ ಕೆರಳಿದ ಮೀನು ಯೋಚಿಸದೆ ಬಾಯಿ ಹಾಕುತ್ತೆ. ಇದನ್ನ ಕಂಡುಹಿಡಿದ ಕೀರ್ತಿಯನ್ನ ಗ್ರೇಗೇ ಕೊಡ್ತಾರೆ.

1926ರಲ್ಲಿ ಅವನು ನ್ಯೂಜಿಲೆಂಡ್‌ನ ಬೇ ಆಫ್ ಐಲೆಂಡ್ಸ್‌ಗೆ ಹೋಗಿ ಉರುಪುಕಪುಕ ಎಂಬ ದ್ವೀಪದಲ್ಲಿ ಕ್ಯಾಂಪ್ ಹೂಡಿದ. ಅಲ್ಲಿನವರು ದೋಣಿ ನಿಲ್ಲಿಸಿ, ಅಲೆಯ ಜೊತೆ ತೇಲುತ್ತಾ, ಎರೆಯನ್ನ ಆಳಕ್ಕೆ ಬಿಟ್ಟು ಕಾಯ್ತಿದ್ದರು. ಕೊಕ್ಕೆಯೂ ಮೂರು ಮುಳ್ಳಿನದು. ಗ್ರೇ ಟೀಸರ್ ಕಟ್ಟಿ, ಒಂದೇ ಮುಳ್ಳಿನ ಕೊಕ್ಕೆ ಹಾಕಿ, ಮೇಲ್ಮೈಯಲ್ಲಿ ಎಳೆಯುತ್ತಾ ಹೊರಟ. ಮೂರು ಮುಳ್ಳಿನ ಕೊಕ್ಕೆ ಆಟಗಾರನಿಗೆ ತಕ್ಕದ್ದಲ್ಲ ಅಂತ ಟೀಕೆಯನ್ನೂ ಮಾಡಿದ. ಊರಿಗೆ ಬಂದ ನೆಂಟ ಅಡುಗೆಗೆ ಹೆಸರಿಟ್ಟ ಹಾಗಾಯ್ತು, ಅಲ್ಲಿನವರು ಸಿಟ್ಟಾದರು. ಮಜಾ ಅಂದ್ರೆ, ಅದೇ ಪ್ರವಾಸದಲ್ಲಿ 976 ಪೌಂಡಿನ ದಾಖಲೆಯ ಕಪ್ಪು ಮಾರ್ಲಿನ್ ಹಿಡಿದದ್ದು ಗ್ರೇ ಅಲ್ಲ, ಅವನ ಜೊತೆಗಾರ ಕ್ಯಾಪ್ಟನ್ ಲಾರಿ ಮಿಚೆಲ್.

ಇಂಥದ್ದನ್ನ ನುಂಗಿಕೊಳ್ಳೋ ಸ್ವಭಾವ ಗ್ರೇದಲ್ಲ. ಮುಂಚೆ ಕ್ಯಾಟಲಿನಾದಲ್ಲಿ ಒಬ್ಬ ಮಹಿಳೆ ಇವನಿಗಿಂತ ದೊಡ್ಡ ಕತ್ತಿಮೀನು ಹಿಡಿದಾಗ, ಆಕೆ ಒಬ್ಬಳೇ ಹಿಡಿದಿರೋಕೆ ಸಾಧ್ಯವಿಲ್ಲ ಅಂತ ಅನುಮಾನ ಆಡಿ, ಕೊನೆಗೆ ಕ್ಲಬ್ಬನ್ನೇ ಬಿಡಬೇಕಾಯ್ತು. ಮನಸ್ಸು ಕುಸಿದು ವಾರಗಟ್ಟಲೆ ಮಂಕಾಗಿ ಕೂರುವ ಕಾಯಿಲೆಯೂ ಅವನಿಗಿತ್ತು. ವರ್ಷದಲ್ಲಿ ತಿಂಗಳುಗಟ್ಟಲೆ ಮನೆಯಿಂದ ದೂರ ಇರ್ತಿದ್ದ. ಪ್ರವಾಸಗಳಲ್ಲಿ ಬೇರೆ ಹೆಂಗಸರ ಜೊತೆ ಸಂಬಂಧ ಇಟ್ಟುಕೊಂಡಿದ್ದ, ಡಾಲಿಗೆ ಅದೂ ಗೊತ್ತಿತ್ತು. ಸಾಧಕರ ಬಗ್ಗೆ ಬರೆಯುವಾಗ ಈ ಪುಟ ಹಾರಿಸೋದು ವಾಡಿಕೆ. ನಾವು ಹಾರಿಸಲಿಲ್ಲ, ಯಾಕಂದ್ರೆ ಈ ಕಥೆಯಲ್ಲಿ ಭಾರ ಹೊತ್ತವರು ಯಾರು ಅಂತ ಗೊತ್ತಾಗೋದು ಇಲ್ಲೇ.

1930ರ ಮೇ ತಿಂಗಳು, ಟಹೀಟಿ ದ್ವೀಪ. ವೈರಾವೊ ಎಂಬಲ್ಲಿ ಅವನ ಕ್ಯಾಂಪ್. ಅಲ್ಲಿ ಸಾವಿರ ಪೌಂಡು ಮೀರಿದ ಮಾರ್ಲಿನ್ ಇದೆ ಅಂತ ನಂಬಿ ಹುಡುಕುತ್ತಿದ್ದ. ಕೊನೆಗೂ ಒಂದು ಸಿಕ್ತು. ಗಂಟೆಗಟ್ಟಲೆ ಕಾದಾಡಿ, ವಯಸ್ಸು ಐವತ್ತೆಂಟಾದ ಮನುಷ್ಯ ಅದನ್ನ ದೋಣಿ ಹತ್ತಿರ ತರುವ ಹೊತ್ತಿಗೆ ಶಾರ್ಕ್‌ಗಳು ಬಂದವು. ಬಾಲದ ಕಡೆಯಿಂದ ದೊಡ್ಡ ದೊಡ್ಡ ತುತ್ತು ಹರಿದುಕೊಂಡವು. ಉಳಿದದ್ದನ್ನ ದಡಕ್ಕೆ ತಂದು ತೂಗಿದರೆ 1,040 ಪೌಂಡ್, ಅಂದರೆ ಸುಮಾರು 472 ಕೆಜಿ. ಶಾರ್ಕ್ ತಿಂದಿದ್ದು ಸುಮಾರು 200 ಪೌಂಡ್ ಇರಬಹುದು ಅಂತ ಅಂದಾಜು. ರಾಡು ಮತ್ತು ರೀಲಿನಿಂದ ಹಿಡಿದ ಮೀನುಗಳಲ್ಲಿ ಸಾವಿರ ಪೌಂಡು ದಾಟಿದ್ದು ಇದೇ ಮೊದಲು ಅಂತ ಹೇಳ್ತಾರೆ. ಆದರೆ ಶಾರ್ಕ್ ಕಚ್ಚಿದ ಮೀನು ಗಾಳಗಾರರ ಲೆಕ್ಕದಲ್ಲಿ ದಾಖಲೆಯಾಗಲ್ಲ. ಗಂಟು ಬಿಗಿಯಾಗಿತ್ತು, ದಾರ ಹರಿಯಲಿಲ್ಲ, ಬ್ರೇಕ್ ಸರಿಯಿತ್ತು, ಕೊಕ್ಕೆ ಕಚ್ಚಿಕೊಂಡೇ ಇತ್ತು. ಅವನ ಕೈಯಲ್ಲಿದ್ದದ್ದೆಲ್ಲ ಸರಿಯಾಗಿತ್ತು. ಸಮುದ್ರ ಅವನ ಕೈಯಲ್ಲಿರಲಿಲ್ಲ.

ಆಮೇಲಿನ ವರ್ಷಗಳು ಇಳಿಜಾರು. ಅಮೆರಿಕದ ಆರ್ಥಿಕ ಕುಸಿತದಲ್ಲಿ ಪುಸ್ತಕದ ಹಣ ಕಮ್ಮಿಯಾಯ್ತು, ಆಸೆಪಟ್ಟು ಕೊಂಡ ಎರಡನೇ ದೊಡ್ಡ ಹಡಗು ಉಳಿದ ಹಣ ತಿಂದಿತು. 1936ರಲ್ಲಿ ಆಸ್ಟ್ರೇಲಿಯಾದ ಬರ್ಮಗುಯಿಯಲ್ಲಿ ಮಾರ್ಲಿನ್ ಹಿಡಿದ, ಆಸ್ಟ್ರೇಲಿಯಾದಲ್ಲೇ ಒಂದು ಶಾರ್ಕ್ ಸಿನಿಮಾದಲ್ಲೂ ನಟಿಸಿದ. 1937ರಲ್ಲಿ ಒರೆಗಾನ್‌ನ ನದಿಯೊಂದರಲ್ಲಿ ಗಾಳ ಹಾಕುವಾಗ ಪಾರ್ಶ್ವವಾಯು ಬಡಿಯಿತು. ಸ್ವಲ್ಪ ಚೇತರಿಸಿಕೊಂಡು ಮತ್ತೆ ಸಮುದ್ರಕ್ಕೆ ಹೋದ. 1939ರ ಅಕ್ಟೋಬರ್ 23ರಂದು ಕ್ಯಾಲಿಫೋರ್ನಿಯಾದ ಆಲ್ಟಡೀನಾದ ಮನೆಯಲ್ಲಿ ಹೃದಯ ನಿಂತಿತು. ಆಗ 67 ವರ್ಷ. ಅವನು ಬರೆದಿಟ್ಟ ಹಸ್ತಪ್ರತಿಗಳು ಇನ್ನೂ ಎಷ್ಟೋ ಇದ್ದವು. ಅವನು ಹೋದ ಮೇಲೂ ವರ್ಷಗಟ್ಟಲೆ ಅವನ ಹೊಸ ಕಾದಂಬರಿಗಳು ಅಂಗಡಿಗೆ ಬರ್ತಾನೇ ಇದ್ದವು. ಡಾಲಿ ಬದುಕಿದ್ದದ್ದು 1957ರವರೆಗೆ.

ಇವತ್ತು ಮಾರ್ಲಿನ್ ಹಿಡಿಯುವವರು ಬಹುಪಾಲು ರಾಳದಲ್ಲಿ ಎರಕ ಹೊಯ್ದ ಹುಸಿ ಎರೆ ಬಳಸ್ತಾರೆ. ತಲೆಯ ಮುಖ ಓರೆ, ಮಧ್ಯೆ ತೂತು, ಹಿಂದೆ ಬಣ್ಣಬಣ್ಣದ ರಬ್ಬರ್ ಎಳೆಗಳ ಲಂಗ. ಲೀಡರ್ ಆ ತೂತಿನೊಳಗಿಂದ ಹಾದು ಹಿಂದಿನ ಕೊಕ್ಕೆಗೆ ಹೋಗುತ್ತೆ. ಮೀನು ಸಿಕ್ಕಿಬಿದ್ದಾಗ ಭಾರದ ತಲೆ ಲೀಡರ್ ಮೇಲೆ ಮುಂದಕ್ಕೆ ಜಾರುತ್ತೆ, ಇಲ್ಲದಿದ್ದರೆ ಮೀನು ತಲೆ ಒದರಿ ಆ ಭಾರದಿಂದಲೇ ಕೊಕ್ಕೆಯನ್ನ ಕಿತ್ತು ಎಸೆಯುತ್ತೆ. ಮುಖದ ಓರೆ ಎಷ್ಟು ಡಿಗ್ರಿ, ದೋಣಿ ಎಬ್ಬಿಸುವ ಎಷ್ಟನೇ ಅಲೆಯ ಮೇಲೆ ಯಾವ ಎರೆ ಓಡಬೇಕು, ಎಲ್ಲಕ್ಕೂ ಲೆಕ್ಕ ಇದೆ. ಹಿಡಿದ ಮೀನಿಗೆ ಟ್ಯಾಗ್ ಚುಚ್ಚಿ ವಾಪಸ್ ಬಿಡುವವರೇ ಈಗ ಹೆಚ್ಚು. ಅದು ಒಳ್ಳೇದೇ ಆಯ್ತು. ಅಷ್ಟೆಲ್ಲ ಆದರೂ ದೋಣಿಯ ಹಿಂದೆ, ಹತ್ತಿರದಲ್ಲಿ, ಕೊಕ್ಕೆಯಿಲ್ಲದ ಟೀಸರ್ ಇವತ್ತೂ ಓಡುತ್ತೆ.

ಈ ಲೇಖನ ಬರೆಯೋಕೆ ಶುರು ಮಾಡಿದಾಗ ನಮ್ಮ ತಲೆಯಲ್ಲಿದ್ದ ಕಥೆ ಬೇರೆ. ಅಪ್ಪ ಹೇಳಿದ ಕೋರ್ಸ್ ಬಿಟ್ಟು ಮನಸ್ಸಿನ ಮಾತು ಕೇಳಿ ಗೆದ್ದ ಹೀರೋ ಅಂತ ಬರೆದುಬಿಡೋಣ ಅಂದುಕೊಂಡಿದ್ವಿ. ಓದುತ್ತಾ ಹೋದಂತೆ ಹಾಗೆ ಬರೆಯೋಕೆ ಆಗ್ಲಿಲ್ಲ. ಎಲ್ಲ ಬಿಟ್ಟು ಹೋದವನ ಕಥೆ ದೂರಕ್ಕೇ ಹೊಳೆಯುತ್ತೆ, ಟೀಸರ್ ಹಾಗೆ. ಅದು ನಮ್ಮನ್ನ ಮೇಲಕ್ಕೆ ಎಳೆಯುತ್ತೆ ಹೊರತು ಹಿಡಿದು ನಿಲ್ಲಿಸಲ್ಲ. ಗ್ರೇಯನ್ನ ಹಿಡಿದು ನಿಲ್ಲಿಸಿದ್ದು ನೋಡೋಕೆ ಸಪ್ಪೆಯಾದ ಸಂಗತಿಗಳು: ಕ್ಲಿನಿಕ್ ಮುಗಿಸಿ ಬಂದು ಬರೆದ ಒಂಬತ್ತು ವರ್ಷದ ರಾತ್ರಿಗಳು, ವಾಪಸ್ ಬಂದ ಹಸ್ತಪ್ರತಿಗಳು, ಡಾಲಿಯ ಹಣ, ಡಾಲಿಯ ತಿದ್ದುಪಡಿ. ಫೋಟೋದಲ್ಲಿ ಮೀನಿನ ಪಕ್ಕ ನಿಂತಿರೋದು ಗ್ರೇ ಒಬ್ಬನೇ.

ನಮ್ಮಲ್ಲೊಬ್ಬ ಇಂಜಿನಿಯರಿಂಗ್ ಡ್ರಾಯಿಂಗ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಕನ್ನಡದಲ್ಲಿ ಕಥೆ ಬರೀತಾನೆ. ಹತ್ತನೇ ಕ್ಲಾಸಿನವರೆಗೂ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ಈಗಲೂ ತಪ್ಪುತ್ತೆ. ಮನೆಯಲ್ಲಿ ಇನ್ನೂ ಗೊತ್ತಿಲ್ಲ. ಕೋರ್ಸ್ ಬಿಡು ಅಂತ ನಾವು ಅವನಿಗೆ ಹೇಳಿಲ್ಲ, ಬರೆಯೋದು ಬಿಡು ಅಂತಲೂ ಹೇಳಿಲ್ಲ. ಮುಂದಿನ ವಾರ ಇಂಟರ್ನಲ್ಸ್ ಇದೆ. ಅದು ಮುಗಿದ ಮೇಲೆ ಶನಿವಾರ ಸಂಜೆ ಎಲ್ಲರೂ ಕ್ಯಾಂಟೀನ್ ಹಿಂದಿನ ಕಟ್ಟೆ ಮೇಲೆ ಕೂತು ಅವನ ಕಥೆ ತಿದ್ದೋಣ ಅಂತ ಮಾತಾಗಿದೆ. ಕಥೆ ಅವನದ್ದೇ, ಆದರೆ ತಿದ್ದಿದವರ ಹೆಸರೂ ಕೆಳಗೆ ಹಾಕ್ತೀನಿ ಅಂತ ಅವನೇ ಒಪ್ಪಿದ್ದಾನೆ. ಇಂಥ ಹಿಂದಿನ ಹಾಳೆಗಳು ನಿಮ್ಮಲ್ಲೂ ಇದ್ದರೆ ತಗೊಂಡು ಬನ್ನಿ.